ಅಗ್ಗದ ಪುಟ್ಟ ಪಿಸ್ತೂಲಿನ ಗುರಿ ತಪ್ಪುವುದೇಕೆ? ಕಂಪನಿಗೆ ಕಳಿಸಿದರೆ ಸರಿಹೋದೀತೆ?

ಓದುಗರ ಪ್ರಶ್ನೆ: ಟೆಕ್ಸಾಸ್‌ನಲ್ಲಿ ವಾಸವಾಗಿದ್ದೇನೆ. ಮುನ್ನೂರು ಡಾಲರಿನೊಳಗೆ ಒಂದು ಪುಟ್ಟ 9 ಎಂ.ಎಂ. ಪಿಸ್ತೂಲು ಕೊಂಡೆ. ಏಳು ಗಜ ದೂರದಿಂದ ಹೊಡೆದರೂ ಗುಂಡುಗಳು ಎಡಕ್ಕೆ, ಕೆಳಕ್ಕೆ ಬೀಳುತ್ತವೆ. ಆಗೊಮ್ಮೆ ಈಗೊಮ್ಮೆ ತೋಟಾ ನಳಿಕೆಗೆ ಏರದೆ ಸಿಕ್ಕಿಕೊಳ್ಳುತ್ತದೆ. ಅಗ್ಗದ್ದನ್ನು ಕೊಂಡದ್ದೇ ತಪ್ಪಾಯಿತೆ? ಕಂಪನಿಗೆ ಕಳಿಸಲೇ?

ಉತ್ತರ: ನಿಮ್ಮ ದೂರಿನಲ್ಲಿ ಎರಡು ದೂರುಗಳಿವೆ. ಒಂದಕ್ಕೆ ಬಹುಮಟ್ಟಿಗೆ ನಿಮ್ಮ ಕೈಯೇ ಕಾರಣ, ಇನ್ನೊಂದಕ್ಕೆ ಕಂಪನಿ ಕಾರಣವಿರಬಹುದು. ಎರಡನ್ನೂ ಒಂದೇ ಪತ್ರದಲ್ಲಿ ಬರೆದು ಕಳಿಸಿದರೆ ಎರಡೂ ಸರಿಹೋಗುವುದಿಲ್ಲ. ಅದಕ್ಕೂ ಮೊದಲು ಒಂದು ಮಾತು ಹೇಳಬೇಕು, ಏಕೆಂದರೆ ಇದನ್ನು ಓದುವವರಲ್ಲಿ ಅಮೆರಿಕಕ್ಕೆ ಹೊಸದಾಗಿ ಹೋದವರೂ ಇರುತ್ತಾರೆ. ಎಚ್-1ಬಿ, ಎಫ್-1ರಂಥ ತಾತ್ಕಾಲಿಕ ವೀಸಾದಲ್ಲಿರುವವರು ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಊರ್ಜಿತ ಬೇಟೆ ಪರವಾನಗಿ ಇರುವವರಿಗೆ ಎಂಬಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಕೈಸೇರಿದವರಿಗೆ ಈ ತಡೆ ಇಲ್ಲ. ನೀವು ಆ ಗಡಿ ದಾಟಿದ್ದೀರಿ ಎಂದುಕೊಂಡು ಮುಂದುವರಿಯುತ್ತೇನೆ.

ಪುಟ್ಟ ಪಿಸ್ತೂಲಿನ ನಳಿಕೆ ಮೂರು ಇಂಚಿನ ಆಸುಪಾಸು. ನಳಿಕೆ ಗಿಡ್ಡವಾದ್ದರಿಂದಲೇ ಗುರಿ ತಪ್ಪುತ್ತದೆ ಎಂಬುದು ಜನಪ್ರಿಯ ನಂಬಿಕೆ, ಆದರೆ ತಪ್ಪು ನಂಬಿಕೆ. ಗಿಡ್ಡ ನಳಿಕೆಯಿಂದ ಗುಂಡಿನ ವೇಗ ತುಸು ಇಳಿಯುತ್ತದೆ, ಅಷ್ಟೆ. ಇಂಥದೇ ಪಿಸ್ತೂಲನ್ನು ಮರಳಿನ ಚೀಲದ ಮೇಲೆ ಅಲುಗದಂತೆ ಊರಿ, ಕೈ ಪಳಗಿದವರು ಹದಿನೈದು ಗಜದಿಂದ ಹೊಡೆದಾಗ ಐದು ಗುಂಡುಗಳು ಮೂರು-ನಾಲ್ಕು ಇಂಚಿನೊಳಗೆ ಕೂರುವುದು ಸಾಮಾನ್ಯ. ಪಿಸ್ತೂಲಿಗೆ ಅಷ್ಟು ಸಾಮರ್ಥ್ಯವಿದೆ. ಅದನ್ನು ಹೊರಗೆಳೆಯಲು ಬಿಡದೇ ಇರುವುದು ಬೇರೆ ಸಂಗತಿಗಳು.

ಮೊದಲನೆಯದು ಸೈಟುಗಳ, ಅಂದರೆ ಗುರಿ ನೋಡಲು ಪಿಸ್ತೂಲಿನ ಮೇಲಿರುವ ಗುರುತುಗಳ, ನಡುವಿನ ಅಂತರ. ದೊಡ್ಡ ಪಿಸ್ತೂಲಿನಲ್ಲಿ ಹಿಂದಿನ ಸೈಟಿಗೂ ಮುಂದಿನದಕ್ಕೂ ಸುಮಾರು 165 ಮಿಲಿಮೀಟರ್ ಇದ್ದರೆ ಪುಟ್ಟದರಲ್ಲಿ 130 ಇರಬಹುದು. ಮುಂದಿನ ಸೈಟ್ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿಯಿತೆನ್ನಿ. ಏಳು ಗಜದಾಚೆಯ ಕಾಗದದ ಮೇಲೆ ದೊಡ್ಡದರ ಗುಂಡು 39 ಮಿಲಿಮೀಟರ್ ಸರಿದರೆ ಪುಟ್ಟದರದು 49 ಸರಿಯುತ್ತದೆ. ವ್ಯತ್ಯಾಸ ಇದೆ, ಆದರೆ ಒಂದು ಸೆಂಟಿಮೀಟರಿನದು. ನಿಮ್ಮ ಗುಂಡುಗಳು ಅಂಗೈ ಅಗಲ ತಪ್ಪುತ್ತಿದ್ದರೆ ಅದನ್ನು ಈ ಲೆಕ್ಕ ವಿವರಿಸುವುದಿಲ್ಲ.

ವಿವರಿಸುವುದು ಟ್ರಿಗರ್. ಫ್ಲಾರಿಡಾದ ಕೊಕೊ ಊರಿನ ಕೆಲ್‌ಟೆಕ್ ಕಂಪನಿ 1995ರಲ್ಲಿ ತಂದ ಪಿ-11 ಎಂಬ ಪಿಸ್ತೂಲು ಈ ಜಾತಿಯ ಹಿರಿಯಣ್ಣ. ಈಗ ಅದು ತಯಾರಾಗುತ್ತಿಲ್ಲ. ಖಾಲಿ ಇದ್ದಾಗ ಅದರ ತೂಕ 14 ಔನ್ಸ್, ಅಂದರೆ 400 ಗ್ರಾಂ. ಟ್ರಿಗರ್ ಎಳೆಯಲು ಬೇಕಾದ ಬಲ ಸುಮಾರು ಒಂಬತ್ತು ಪೌಂಡ್, ನಾಲ್ಕು ಕಿಲೋ. ಪಿಸ್ತೂಲಿನ ತೂಕದ ಹತ್ತು ಪಟ್ಟು ಬಲವನ್ನು ಒಂದೇ ಬೆರಳಿನಿಂದ ಹಾಕಬೇಕು, ಹಾಕುವಾಗ ಪಿಸ್ತೂಲು ಕೂದಲೆಳೆಯಷ್ಟೂ ಅಲುಗಬಾರದು! ಜೊತೆಗೆ ಹಿಡಿ ಎಷ್ಟು ಗಿಡ್ಡವೆಂದರೆ ಕಿರುಬೆರಳಿಗೆ ಜಾಗವೇ ಸಿಗುವುದಿಲ್ಲ. ಇಂದಿನ ಅಗ್ಗದ ಮಾದರಿಗಳ ಟ್ರಿಗರ್ ಇಷ್ಟು ಬಿರುಸಾಗಿಲ್ಲ, ಆದರೆ ಹಗುರ ಮೈ, ಗಿಡ್ಡ ಹಿಡಿ ಹಾಗೆಯೇ ಉಳಿದಿವೆ. ಬಲಗೈಯವರು ಬೆರಳಿನ ಜೊತೆ ಇಡೀ ಮುಷ್ಟಿಯನ್ನೇ ಹಿಂಡಿದಾಗ ನಳಿಕೆಯ ಮೂತಿ ಎಡಕ್ಕೆ, ಕೆಳಕ್ಕೆ ಬಾಗುತ್ತದೆ. ನಿಮ್ಮ ಗುಂಡುಗಳು ಬೀಳುತ್ತಿರುವುದೂ ಅಲ್ಲೇ.

ನಂಬಿಕೆ ಬರದಿದ್ದರೆ ರೇಂಜಿನಲ್ಲಿ ಒಂದು ಪರೀಕ್ಷೆ ಮಾಡಬಹುದು. ಅಂಗಡಿಯಲ್ಲಿ ಸಿಗುವ ಹುಸಿ ತೋಟಾಗಳನ್ನು ತನ್ನಿ; ಪ್ಲಾಸ್ಟಿಕ್ಕಿನವು, ಮದ್ದಿಲ್ಲದವು. ಜೊತೆಗಿರುವವರಿಗೆ ಮ್ಯಾಗಜಿನ್ (ಹಿಡಿಯೊಳಗೆ ಕೂರುವ ತೋಟಾ ಡಬ್ಬಿ) ಕೊಟ್ಟು, ನಿಜ ತೋಟಾಗಳ ನಡುವೆ ಎಲ್ಲೋ ಒಂದೆರಡು ಹುಸಿಯವನ್ನು ತುಂಬಿಸಿಕೊಳ್ಳಿ. ಯಾವುದು ಎಲ್ಲಿದೆ ಎಂಬುದು ನಿಮಗೆ ಗೊತ್ತಿರಬಾರದು. ಒಂದು ಹೊಡೆತ ಸಿಡಿಯುತ್ತದೆ, ಇನ್ನೊಂದು ಸಿಡಿಯುತ್ತದೆ, ಮೂರನೆಯದಕ್ಕೆ ಬರಿಯ ಟಕ್ ಎಂಬ ಸದ್ದು. ಆ ಸದ್ದಿನ ಕ್ಷಣದಲ್ಲಿ ಮುಂದಿನ ಸೈಟನ್ನು ನೋಡುತ್ತಿರಿ. ಹೆಚ್ಚಿನವರ ಕೈಯಲ್ಲಿ ಅದು ತಲೆ ಬಾಗಿಸಿ ಎಡಗಡೆಯ ನೆಲ ನೋಡುತ್ತದೆ. ಬರಲಿರುವ ಒದೆತಕ್ಕೆ ಕೈ ಮೊದಲೇ ಎದುರೊತ್ತು ಕೊಟ್ಟುಬಿಟ್ಟಿರುತ್ತದೆ. ನಿಜವಾದ ಹೊಡೆತದಲ್ಲಿ ಪಿಸ್ತೂಲು ನೆಗೆಯುವ ಗದ್ದಲದ ನಡುವೆ ಇದು ಕಣ್ಣಿಗೆ ಬೀಳುವುದಿಲ್ಲ.

ಕುಣಿಯಲು ಬಾರದವರಿಗೆ ನೆಲ ಡೊಂಕು ಎಂಬ ಗಾದೆ ಇಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲಿನಲ್ಲಿ ನೆಲವೂ ಡೊಂಕಾಗಿರುತ್ತದೆ. ಅದನ್ನು ಪತ್ತೆ ಮಾಡಲು ಪಿಸ್ತೂಲನ್ನು ಚೀಲದ ಮೇಲೆ ಊರಿ, ನುರಿತ ಇನ್ನೊಬ್ಬರ ಕೈಯಿಂದ ಹೊಡೆಸಿ. ಅವರ ಗುಂಡುಗಳೂ ಒತ್ತೊತ್ತಾಗಿ ಅದೇ ಎಡಮೂಲೆಗೆ ಬಿದ್ದರೆ ಸೈಟ್ ಓರೆಯಾಗಿದೆ ಎಂದರ್ಥ. ಹಿಂದಿನ ಸೈಟ್ ಕೊರೆದ ಸಂದಿನಲ್ಲಿ ಕೂತದ್ದಾದರೆ ಅದನ್ನು ತುಸು ಸರಿಸಬಹುದು. ರೂಗರ್ ಕಂಪನಿಯ ಇಸಿ9ಎಸ್‌ನಂಥವುಗಳಲ್ಲಿ ಸೈಟನ್ನು ಸ್ಲೈಡಿನ, ಅಂದರೆ ಪಿಸ್ತೂಲಿನ ಹಿಂದೆ-ಮುಂದೆ ಸರಿಯುವ ಮೇಲ್ಭಾಗದ, ಉಕ್ಕಿನಲ್ಲೇ ಕಡೆದಿರುತ್ತಾರೆ. ದುಡ್ಡು ಉಳಿಸುವ ಉಪಾಯ ಅದು; ಸರಿಸಲು ಅಲ್ಲಿ ಏನೂ ಇಲ್ಲ, ಕಂಪನಿಯೇ ಗತಿ. ಇನ್ನು ಕಾಗದದಲ್ಲಿ ದುಂಡು ತೂತಿನ ಬದಲು ಮೊಟ್ಟೆಯಾಕಾರದ ಸೀಳು ಕಂಡರೆ ಯೋಚಿಸುತ್ತ ಕೂರಬೇಡಿ. ಗುಂಡು ಪಲ್ಟಿ ಹೊಡೆಯುತ್ತ ಹೋಗುತ್ತಿದೆ, ನಳಿಕೆಯೊಳಗಿನ ತಿರುಚುಗೀರುಗಳು ಅದನ್ನು ಹಿಡಿಯುತ್ತಿಲ್ಲ. ಬೇರೊಂದು ಕಂಪನಿಯ ತೋಟಾ ಹಾಕಿದಾಗಲೂ ಹಾಗೆಯೇ ಆದರೆ ನಳಿಕೆ ಬದಲಾಗಬೇಕು.

ತೋಟಾ ಸಿಕ್ಕಿಕೊಳ್ಳುವುದಕ್ಕೆ ಬರೋಣ. ನನ್ನ ಅಭಿಪ್ರಾಯದಲ್ಲಿ ಅಗ್ಗದ ಪಿಸ್ತೂಲಿನ ನಿಜವಾದ ಕೊರತೆ ಇರುವುದು ಇಲ್ಲಿ. ಬೆಲೆ ಇಳಿಸುವಾಗ ಕಂಪನಿ ಉಕ್ಕನ್ನು ಕಳಪೆ ಮಾಡುವುದಕ್ಕಿಂತ ಹೆಚ್ಚಾಗಿ ಅರ ಹಾಕುವ, ಉಜ್ಜುವ, ಒಂದೊಂದನ್ನೂ ತಿರುಗಿಸಿ ನೋಡುವ ಮನುಷ್ಯರ ಸಮಯವನ್ನು ಕಡಿಮೆ ಮಾಡುತ್ತದೆ. ಹತ್ತರಲ್ಲಿ ಹಲವು ಸರಿಯಾಗಿಯೇ ಇರುತ್ತವೆ. ತೋಟಾ ಏರುವ ಇಳಿಜಾರಿನಲ್ಲಿ ಒರಟು ಉಳಿದದ್ದು, ಮ್ಯಾಗಜಿನ್ನಿನ ತುಟಿ ಸೊಟ್ಟಗಾದದ್ದು ಕೂಡ ಅದೇ ಡಬ್ಬಿಯಲ್ಲಿ, ಅದೇ ಬೆಲೆಗೆ ಬರುತ್ತವೆ. ಕೊನೆಯ ತಪಾಸಣೆಯನ್ನು ಗಿರಾಕಿಗೇ ವಹಿಸಿದ ಹಾಗಾಯಿತು. ಆದ್ದರಿಂದ ಇಂಥ ಪಿಸ್ತೂಲು ಕೊಳ್ಳುವವರು ಅದರ ದುರಸ್ತಿ ವ್ಯವಸ್ಥೆಯನ್ನೂ ಸೇರಿಸಿಯೇ ಬೆಲೆ ಕಟ್ಟಬೇಕು.

ಆ ವ್ಯವಸ್ಥೆಯ ವಿಷಯದಲ್ಲಿ ಒಂದು ವಿಚಿತ್ರ ಸಂಗತಿ ಇದೆ. ಅಮೆರಿಕದಲ್ಲಿ ಗ್ರಾಹಕ ವಸ್ತುಗಳ ಸುರಕ್ಷತಾ ಆಯೋಗ 1972ರ ಕಾನೂನಿನಿಂದ ಹುಟ್ಟಿತು. ಆದರೆ ಬಂದೂಕುಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಡಲಾಯಿತು. ಆಟಿಕೆ ಪಿಸ್ತೂಲಿನಲ್ಲಿ ದೋಷವಿದ್ದರೆ ಆಯೋಗ ಅದನ್ನು ಮಾರುಕಟ್ಟೆಯಿಂದ ತೆಗೆಸಬಹುದು, ನಿಜವಾದ ಪಿಸ್ತೂಲಿನಲ್ಲಿ ದೋಷವಿದ್ದರೆ ಏನೂ ಮಾಡುವಂತಿಲ್ಲ. ವಾಪಸ್ ಕರೆಸಿಕೊಳ್ಳುವುದು ಕಂಪನಿಯ ಮರ್ಜಿ, ಇಲ್ಲವೇ ನ್ಯಾಯಾಲಯದ ಭಯ.

ಮರ್ಜಿ ಹೇಗಿರುತ್ತದೆ ಎಂಬುದಕ್ಕೆ ರೂಗರ್ ಉದಾಹರಣೆ. ಅಂಗಿ ಜೇಬಿಗೆ ಹಿಡಿಯುವ ಎಲ್‌ಸಿಪಿ ಪಿಸ್ತೂಲನ್ನು ಅದು 2008ರಲ್ಲಿ ತಂದಿತು. ಅದೇ ವರ್ಷ, ತೋಟಾ ಏರಿಸಿದ ಪಿಸ್ತೂಲು ಕೈಜಾರಿ ಬಿದ್ದರೆ ಸಿಡಿಯಬಹುದೆಂದು ತಾನೇ ಪ್ರಕಟಿಸಿ, ಆರಂಭದ ಸರಣಿಯ ಪಿಸ್ತೂಲುಗಳನ್ನೆಲ್ಲ ತರಿಸಿಕೊಂಡು, ಹೊಸ ಭಾಗ ಹಾಕಿ, ಮೇಲೊಂದು ಮ್ಯಾಗಜಿನ್ ಉಚಿತವಾಗಿ ಕೊಟ್ಟು ಕಳಿಸಿತು. ತಮಾಷೆಯೆಂದರೆ ಈ ಕಂಪನಿ ಲಿಖಿತ ವಾರಂಟಿಯನ್ನೇ ಕೊಡುವುದಿಲ್ಲ. 1975ರಿಂದ ಜಾರಿಯಲ್ಲಿರುವ ವಾರಂಟಿ ಕಾನೂನಿನ ತೊಡಕುಗಳೇ ಅದಕ್ಕೆ ಕಾರಣವೆಂದು ತನ್ನ ಕೈಪಿಡಿಯಲ್ಲೇ ಬರೆಯುತ್ತದೆ. ಒಹಾಯೊದ ಹೈ-ಪಾಯಿಂಟ್ ಇದಕ್ಕೆ ತದ್ವಿರುದ್ಧ: ಎಷ್ಟನೇ ಮಾಲೀಕರಾದರೂ ಸರಿ, ಪಿಸ್ತೂಲು ಇರುವವರೆಗೆ ದುರಸ್ತಿ ಉಚಿತ ಎನ್ನುತ್ತದೆ. ಅದರ ಪಿಸ್ತೂಲುಗಳು ಇಟ್ಟಿಗೆಯ ಹಾಗೆ ದಪ್ಪ, ಸೊಂಟಕ್ಕೆ ಸಿಕ್ಕಿಸಿ ಓಡಾಡಲು ಯೋಗ್ಯವಲ್ಲ ಎಂಬುದು ಬೇರೆ ಮಾತು.

ಭಯದಿಂದ ಬಂದದ್ದಕ್ಕೆ ಬ್ರೆಜಿಲ್‌ನ ಟಾರಸ್ ಉದಾಹರಣೆ. ಪಿಟಿ-111 ಮಿಲೆನಿಯಂ ಸೇರಿದಂತೆ ಒಂಬತ್ತು ಮಾದರಿಗಳು ಬಿದ್ದಾಗ ಸಿಡಿಯುತ್ತವೆ ಎಂದು ಹೂಡಿದ ಸಾಮೂಹಿಕ ಮೊಕದ್ದಮೆ 2015ರಲ್ಲಿ ರಾಜಿಗೆ ಬಂತು. ಹತ್ತಿರ ಹತ್ತಿರ ಹತ್ತು ಲಕ್ಷ ಪಿಸ್ತೂಲುಗಳ ವ್ಯವಹಾರ. ತಪ್ಪೊಪ್ಪಿಕೊಳ್ಳದೆಯೇ ಕಂಪನಿ ದುರಸ್ತಿಗೆ, ಇಲ್ಲವೇ ಒಂದಕ್ಕೆ 200 ಡಾಲರ್‌ವರೆಗೆ ಕೊಟ್ಟು ಹಿಂದಕ್ಕೆ ಪಡೆಯಲು ಒಪ್ಪಿತು. ಇದೇ ಟಾರಸ್ ಆಮೇಲೆ ತಂದ ಜಿ2ಸಿ, ಜಿ3ಸಿ ಮಾದರಿಗಳಿಗೆ ಒಳ್ಳೆಯ ಹೆಸರಿದೆ. 2019ರಲ್ಲಿ ಅದರ ಅಮೆರಿಕದ ಕಾರ್ಖಾನೆ ಮಯಾಮಿಯಿಂದ ಜಾರ್ಜಿಯಾದ ಬೇನ್‌ಬ್ರಿಜ್‌ಗೆ ಬಂತು. ಭಾರತದಲ್ಲೂ ಜಿಂದಾಲ್ ಸಮೂಹದ ಜೊತೆ ಸೇರಿ ಹರಿಯಾಣದ ಹಿಸಾರ್‌ನಲ್ಲಿ ತಯಾರಿಕೆಗೆ ಇಳಿದಿದೆ. ಹಾಗೆಂದು 9 ಎಂ.ಎಂ. ಪಿಸ್ತೂಲು ನಮ್ಮ ಸಾಮಾನ್ಯ ನಾಗರಿಕರಿಗೆ ಸಿಗುವುದಿಲ್ಲ, ಇಲ್ಲಿ ಅದು ನಿಷೇಧಿತ ವರ್ಗದ್ದು.

ಜೀವಿತಾವಧಿ ವಾರಂಟಿ ಎಂಬ ಅಚ್ಚಿನ ಸಾಲಿಗೆ ಮರುಳಾಗಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಅತ್ಯಗ್ಗದ ಪಿಸ್ತೂಲು ಮಾಡುತ್ತಿದ್ದ ಬ್ರೈಕೊ ಆರ್ಮ್ಸ್ 2003ರಲ್ಲಿ ದಿವಾಳಿಯಾಯಿತು. ಅದರ ಸ್ವತ್ತಿನ ಮೇಲೆ ಎದ್ದ ಜಿಮೆನೆಜ್ ಆರ್ಮ್ಸ್ 2020ರಲ್ಲಿ ಅದೇ ದಾರಿ ಹಿಡಿಯಿತು. ಅಷ್ಟು ಹಳೆಯ ಬಂದೂಕು ಕಂಪನಿ ರೆಮಿಂಗ್ಟನ್ ಕೂಡ 2014ರಲ್ಲಿ ಆರ್51 ಎಂಬ ಪುಟ್ಟ ಪಿಸ್ತೂಲು ತಂದು, ಅದೇ ವರ್ಷ ಹಿಂದಕ್ಕೆ ಕರೆಸಿಕೊಂಡು, 2016ರಲ್ಲಿ ಮತ್ತೆ ಮಾರಿ, 2020ರ ದಿವಾಳಿಯಲ್ಲಿ ತುಂಡುತುಂಡಾಗಿ ಹರಾಜಾಯಿತು.

ಕಳಿಸುವ ಬಗೆ ಹೀಗೆ. ಮಾರಿದ ಅಂಗಡಿಯವರು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ. ನಿಮ್ಮ ಹೆಸರಿಗೆ ದಾಖಲಾದ ಮೇಲೆ ಅದು ಸೆಕೆಂಡ್ ಹ್ಯಾಂಡ್. ದುರಸ್ತಿಗಾಗಿ ನೀವೇ ನೇರವಾಗಿ ಕಂಪನಿಗೆ ಕಳಿಸುವುದಕ್ಕೂ, ಅದು ನೇರವಾಗಿ ನಿಮ್ಮ ಮನೆಗೆ ಮರಳಿಸುವುದಕ್ಕೂ ಕೇಂದ್ರ ಕಾನೂನಿನಲ್ಲಿ ಅವಕಾಶವಿದೆ. ಸಾಗಿಸುವವರು ಸಿಗುವುದೇ ಕಷ್ಟ. ಖಾಸಗಿಯವರು ಕೈಬಂದೂಕನ್ನು ಅಂಚೆಯಲ್ಲಿ ಕಳಿಸಬಾರದೆಂದು 1927ರಲ್ಲೇ ಕಾನೂನು ಬಂತು, ದೊಡ್ಡ ಕೊರಿಯರ್ ಕಂಪನಿಗಳು ಈಚಿನ ವರ್ಷಗಳಲ್ಲಿ ಬಂದೂಕು ವ್ಯಾಪಾರದ ಪರವಾನಗಿ ಉಳ್ಳವರಿಂದ ಮಾತ್ರ ತೆಗೆದುಕೊಳ್ಳುತ್ತಿವೆ. ಆದ್ದರಿಂದ ಕಂಪನಿಗೆ ಫೋನ್ ಮಾಡಿ, ಅವರೇ ಹಣ ಕಟ್ಟಿದ ಸಾಗಣೆ ಚೀಟಿಯನ್ನು ಕೇಳಿ ಪಡೆಯಿರಿ. ಅದನ್ನು ಕೊಡಲು ಮೀನಮೇಷ ಎಣಿಸುವ ಕಂಪನಿಯ ಉಳಿದ ಸೇವೆ ಹೇಗಿರುತ್ತದೆಂದು ಊಹಿಸಬಹುದು.

ಇನ್ನು ನಿಮ್ಮ ಪಿಸ್ತೂಲು. ಇನ್ನೂರು ತೋಟಾ ಹೊಡೆಯುವವರೆಗೆ ಕಾಯಿರಿ, ನಡುವೆ ಒಮ್ಮೆ ಶುಚಿ ಮಾಡಿ ಎಣ್ಣೆ ಹಾಕಿ. ಮ್ಯಾಗಜಿನ್‌ಗಳಿಗೆ ಗುರುತು ಹಾಕಿಕೊಂಡು, ಯಾವುದರಲ್ಲಿ, ಯಾವ ತೋಟಾದಲ್ಲಿ, ಎಷ್ಟನೆಯದು ಸಿಕ್ಕಿಕೊಂಡಿತೆಂದು ಬರೆದಿಡಿ. ಮಣಿಕಟ್ಟು ಸಡಿಲಬಿಟ್ಟು ಹಿಡಿದರೂ ಹೀಗಾಗುವುದರಿಂದ ಇನ್ನೊಬ್ಬರ ಕೈಯಲ್ಲೂ ನೋಡಿ. ಒಂದೇ ಮ್ಯಾಗಜಿನ್ ತೊಂದರೆ ಕೊಡುತ್ತಿದ್ದರೆ ಅದೊಂದನ್ನೇ ಬದಲಿಸಿಕೊಡಲು ಕೇಳಿ, ಪಿಸ್ತೂಲು ಕಳಿಸುವ ಅಗತ್ಯವಿಲ್ಲ. ಎಲ್ಲದರಲ್ಲೂ ಆದರೆ ಪಿಸ್ತೂಲು, ಮ್ಯಾಗಜಿನ್‌ಗಳು, ಬರೆದ ಚೀಟಿ ಮೂರನ್ನೂ ಸೇರಿಸಿ ಕಳಿಸಿ. ಸೀರಿಯಲ್ ಸಂಖ್ಯೆ ಕಾಣುವ ಫೋಟೊ ನಿಮ್ಮಲ್ಲಿರಲಿ. ತೋಟಾ ಮಾತ್ರ ಪೆಟ್ಟಿಗೆಯಲ್ಲಿ ಒಂದೂ ಇರಬಾರದು. ನುರಿತವರು ಊರಿ ಹೊಡೆದಾಗ ಗುಂಡುಗಳು ನಡುವೆಯೇ ಬಿದ್ದಿದ್ದರೆ, ಎಡಕ್ಕೆ, ಕೆಳಕ್ಕೆ ಬೀಳುವ ನಿಮ್ಮ ಗುಂಡುಗಳ ವಿಷಯವನ್ನು ಆ ಚೀಟಿಯಲ್ಲಿ ಬರೆಯಲೇಬೇಡಿ. ಬರೆದರೆ ದುರಸ್ತಿಯವರು ಪಿಸ್ತೂಲನ್ನು ಊರಿ ನಾಲ್ಕು ಗುಂಡು ಹೊಡೆದು, ನಡುವೆ ನಾಲ್ಕು ತೂತಿರುವ ಕಾಗದವನ್ನು ಮಡಿಚಿಟ್ಟು, ಎಲ್ಲವೂ ಸರಿಯಾಗಿದೆ ಎಂಬ ಷರಾದೊಂದಿಗೆ ತಿಂಗಳ ಮೇಲೆ ವಾಪಸ್ ಕಳಿಸುತ್ತಾರೆ. ತೋಟಾ ಏರುವ ಇಳಿಜಾರನ್ನು ನೋಡಿರುವುದೂ ಇಲ್ಲ.