ಮೊದಲ ಹೈಫೈ ಸೆಟ್: ಆಂಪ್‌ಗಿಂತ ಮೊದಲು ಸ್ಪೀಕರ್, ಸ್ಪೀಕರ್‌ಗಿಂತ ಮೊದಲು ಕೋಣೆ

ಹೆಚ್ಚಿನವರು ಮೊದಲು ಆಂಪ್ (ಸ್ಪೀಕರ್ ನುಡಿಸಲು ಶಕ್ತಿ ಕೊಡುವ ಆಂಪ್ಲಿಫೈಯರ್) ತರುತ್ತಾರೆ, ಆಮೇಲೆ ಉಳಿದ ದುಡ್ಡಿಗೆ ಸ್ಪೀಕರ್ ಹುಡುಕುತ್ತಾರೆ. ನಾನೂ ಹಾಗೇ ಮಾಡಿದ್ದೆ. ಈಗ ಯಾರಾದರೂ ಕೇಳಿದರೆ ಮೊದಲು ಕೋಣೆ ಅಳೆಯಿರಿ ಅನ್ನುತ್ತೇನೆ.

ಉಡುಪಿಯ ನಮ್ಮ ಮನೆಯ ಕೋಣೆ 10 ಅಡಿ ಉದ್ದ, 10 ಅಡಿ ಅಗಲ. ನೆಲಕ್ಕೆ ಟೈಲ್ಸ್, ಗೋಡೆ ಬೋಳು. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ಹಿಂದೆಯೇ ಸಣ್ಣಗೆ ಝಣ್ ಅಂತ ಕೇಳುತ್ತಿತ್ತು. ಆಟಿ ತಿಂಗಳ ಮಳೆಗೆ ಬಟ್ಟೆಯನ್ನೆಲ್ಲ ಒಳಗೇ ಹಗ್ಗ ಕಟ್ಟಿ ಒಣಗಲು ಹಾಕಿದ ದಿನ ನೋಡಿದರೆ ಆ ಝಣ್ ಇಲ್ಲವೇ ಇಲ್ಲ! ದಪ್ಪ ಪರದೆ, ಜಮಖಾನೆ ಮಾಡುವ ಕೆಲಸವೂ ಇದೇ. ಆದರೆ ಬೇಸ್, ಅಂದರೆ ತಗ್ಗಿನ ಸ್ವರ, ಬಟ್ಟೆಗೆ ಬಗ್ಗುವುದಿಲ್ಲ. 10 ಅಡಿ ದೂರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ಸ್ವರ ಊದಿಕೊಳ್ಳುತ್ತದೆ, ಕೋಣೆ ಚೌಕವಾಗಿದ್ದರೆ ಎರಡೂ ಕಡೆಯಿಂದ ಅದೇ ಸ್ವರ ಸೇರಿ ಇನ್ನೂ ಜಾಸ್ತಿ. ಇಂಥ ಕೋಣೆಗೆ ನೆಲದ ಮೇಲೆ ನಿಲ್ಲುವ ದೊಡ್ಡ ಸ್ಪೀಕರ್ ಬೇಡ. ಸಣ್ಣ ಬುಕ್‌ಶೆಲ್ಫ್ ಸ್ಪೀಕರ್ ಸಾಕು. ಮೂಲೆಗೆ ತಾಗಿಸದೆ ಗೋಡೆಯಿಂದ ಒಂದೂವರೆ ಅಡಿ ಮುಂದಿಡಿ.

ಈಗ ವಾಟ್ಸ್, ಅಂದರೆ ಆಂಪ್ ಕೊಡುವ ಶಕ್ತಿ. ಅದಕ್ಕಿಂತ ಮುಖ್ಯ ಸ್ಪೀಕರ್‌ನ ಸೆನ್ಸಿಟಿವಿಟಿ, ಅಂದರೆ 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ (ಸದ್ದಿನ ಅಳತೆ) ಬರುತ್ತದೆ ಎಂಬ ಲೆಕ್ಕ. ಸದ್ದು 3 ಡೆಸಿಬೆಲ್ ಏರಬೇಕಾದರೆ ವಾಟ್ಸ್ ಎರಡು ಪಟ್ಟು ಬೇಕು, 10 ಏರಬೇಕಾದರೆ ಹತ್ತು ಪಟ್ಟು. ಹಾಗಾಗಿ 90 ಡೆಸಿಬೆಲ್‌ನ ಸ್ಪೀಕರ್‌ಗೆ 20 ವಾಟ್ಸ್ ಕೊಟ್ಟರೂ 86ರ ಸ್ಪೀಕರ್‌ಗೆ 50 ವಾಟ್ಸ್ ಕೊಟ್ಟರೂ ಸದ್ದು ಒಂದೇ, ಸುಮಾರು 103.

ಯಕ್ಷಗಾನದ ರೆಕಾರ್ಡಿಂಗ್ ಹಾಕಿ ನೋಡಿ, ಇದು ಚೆನ್ನಾಗಿ ಗೊತ್ತಾಗುತ್ತದೆ. ಭಾಗವತರ ಪದಕ್ಕೆ 2 ವಾಟ್ಸ್ ಸಾಕಾಗುತ್ತಿದೆ ಅಂದುಕೊಳ್ಳಿ. ಚೆಂಡೆಯ ಒಂದು ಪೆಟ್ಟು ಅದಕ್ಕಿಂತ 10 ಡೆಸಿಬೆಲ್ ಮೇಲೆ ಹಾರಿದರೆ ಆ ಒಂದು ಕ್ಷಣಕ್ಕೆ 20 ವಾಟ್ಸ್ ಬೇಕು. ಆಂಪ್‌ನಲ್ಲಿ ಅಷ್ಟು ಇಲ್ಲದಿದ್ದರೆ ಅಲೆಯ ತುದಿ ಕತ್ತರಿಸಿ ಹೋಗುತ್ತದೆ, ಚೆಂಡೆ ಡಬ್ಬ ಬಡಿದ ಹಾಗೆ ಕೇಳುತ್ತದೆ. ಇದಕ್ಕೇ ಕ್ಲಿಪ್ಪಿಂಗ್ ಅನ್ನುವುದು. ಹಾಗೇ ಜೋರಾಗಿ ಹಾಕುತ್ತಾ ಹೋದರೆ ಸ್ಪೀಕರ್‌ನ ಟ್ವೀಟರ್, ಅಂದರೆ ಮೇಲಿನ ಸ್ವರ ನುಡಿಸುವ ಸಣ್ಣ ಭಾಗ, ಸುಡಬಹುದು. ಸಣ್ಣ ಆಂಪ್‌ನಿಂದ ಸ್ಪೀಕರ್‌ಗೆ ಏನೂ ಆಗದು ಅನ್ನುವ ಮಾತು ನಂಬಬೇಡಿ ಮಾರಾಯ್ರೆ.

ಪೆಟ್ಟಿಗೆ ಮೇಲಿನ ಪಿಎಂಪಿಒ, ಅಂದರೆ ಮಾರಾಟಕ್ಕೆ ಉಬ್ಬಿಸಿ ಬರೆದ ವಾಟ್ಸ್ ಸಂಖ್ಯೆಯನ್ನು ಬಿಟ್ಟುಬಿಡಿ. ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ವಾಟ್ಸ್) ಎಷ್ಟು, ಎಷ್ಟು ಓಮ್ಸ್‌ಗೆ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ), ಎಡ ಬಲ ಎರಡೂ ಚಾನೆಲ್ ಒಟ್ಟಿಗೆ ನಡೆಯುವಾಗ ಎಷ್ಟು ಅಂತ ಕೇಳಿ. ಅನುಮಾನ ಬಂದರೆ ಆಂಪ್‌ನ ಬೆನ್ನು ತಿರುಗಿಸಿ. ಕರೆಂಟ್ ಎಳೆಯುವುದೇ 60 ವಾಟ್ಸ್ ಅಂತ ಅಲ್ಲಿ ಬರೆದಿದ್ದರೆ 500 ವಾಟ್ಸ್ ಸಂಗೀತ ಎಲ್ಲಿಂದ ಬರಬೇಕು ಅಲ್ವಾ?

ಓಮ್ಸ್ ಕೂಡ ಅಲ್ಲೇ ಸ್ಪೀಕರ್ ಟರ್ಮಿನಲ್ ಪಕ್ಕ ಇರುತ್ತದೆ. ಆಂಪ್‌ನಲ್ಲಿ 8 ಓಮ್ಸ್‌ಗಿಂತ ಕಡಿಮೆ ಬೇಡ ಅಂತ ಇದ್ದರೆ 4 ಓಮ್ಸ್ ಸ್ಪೀಕರ್ ಹಾಕಬಾರದು. ಕರೆಂಟ್ ಜಾಸ್ತಿ ಎಳೆದು ಆಂಪ್ ಬಿಸಿಯಾಗುತ್ತದೆ. ಒಂದೇ ಟರ್ಮಿನಲ್‌ಗೆ 8 ಓಮ್ಸ್‌ನ ಎರಡು ಸ್ಪೀಕರ್ ಸಮಾನಾಂತರವಾಗಿ ಕಟ್ಟಿದರೂ ಆಗುವುದು 4 ಓಮ್ಸೇ.

ವೈರ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಐದು ಮೀಟರ್ ಒಳಗಾದರೆ ಅಪ್ಪಟ ತಾಮ್ರದ 2.5 ಚದರ ಮಿಲಿಮೀಟರ್ ವೈರ್ ಧಾರಾಳ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೊಟ್ಟುಬಿಡುತ್ತಾರೆ, ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬೇಡ. ಟರ್ನ್‌ಟೇಬಲ್ (ಹಳೇ ತಟ್ಟೆ ರೆಕಾರ್ಡ್ ನುಡಿಸುವ ಯಂತ್ರ) ಇರುವವರಿಗೆ ಮಾತ್ರ ಒಂದು ಮಾತು: ಅದರಿಂದ ಬರುವುದು ಕೆಲವೇ ಮಿಲಿವೋಲ್ಟ್, ಸಿಡಿ ಪ್ಲೇಯರ್‌ನಿಂದ ಸುಮಾರು 2 ವೋಲ್ಟ್. ಆಂಪ್‌ನಲ್ಲಿ ಫೋನೋ ಇನ್‌ಪುಟ್ ಇಲ್ಲದಿದ್ದರೆ, ಟರ್ನ್‌ಟೇಬಲ್‌ನಲ್ಲೂ ಒಳಗೇ ಇಲ್ಲದಿದ್ದರೆ, ಆ ಸಣ್ಣ ಸಿಗ್ನಲ್ ಹಿಗ್ಗಿಸುವ ಬೇರೆ ಫೋನೋ ಸ್ಟೇಜ್ ಬೇಕೇ ಬೇಕು.

ನಮ್ಮ ಕರಾವಳಿಯ ಕಷ್ಟ ತೇವದ್ದು. ನನ್ನ ಮಾವ ಕೊಟ್ಟ ಹಳೇ ಸ್ಪೀಕರ್‌ನ ಬಲೆ ತೆಗೆದಾಗ ಕೋನ್ ಸುತ್ತಲಿನ ಫೋಮ್ ಮುಟ್ಟಿದ ಕೂಡಲೇ ಕಪ್ಪು ಪುಡಿಯಾಗಿ ಬೆರಳಿಗೆ ಅಂಟಿತು. ಹಾಗಾಗಿ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಆ ಅಂಚು ರಬ್ಬರಿನದ್ದೋ ಫೋಮಿನದ್ದೋ ಅಂತ ಮೊದಲು ಮೆಲ್ಲಗೆ ಒತ್ತಿ ನೋಡಿ. ಸಿಡಿಲಿನ ದಿನಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕಿತ್ತಿಡಿ. ನೆಟ್ ಕೇಬಲ್ ಸಿಕ್ಕಿಸಿದ್ದರೆ ಅದನ್ನೂ.