ಬುಕಾನನ್‌ನ ಮೂರು ಸಂಪುಟ: ಕಂಪನಿಯ ದಿನಚರಿಗೆ ಹಳೆಪುಸ್ತಕದ ಬೆಲೆ ಬಂದ ಬಗೆ

ಟಿಪ್ಪು ಮಡಿದ ಮರುವರ್ಷ, 1800ರ ಫೆಬ್ರವರಿಯಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ವೆಲ್ಲೆಸ್ಲಿ ಸ್ಕಾಟ್ಲೆಂಡಿನ ವೈದ್ಯ, ಸಸ್ಯಶಾಸ್ತ್ರಜ್ಞ ಫ್ರಾನ್ಸಿಸ್ ಬುಕಾನನ್‌ಗೆ ಒಂದು ಕೆಲಸ ಒಪ್ಪಿಸಿದ. ಹೊಸ ಸೀಮೆಯಲ್ಲಿ ಏನು ಬೆಳೆಯುತ್ತಾರೆ, ಏನು ನೇಯುತ್ತಾರೆ, ಕಬ್ಬಿಣ ಎಲ್ಲಿ ಕರಗಿಸುತ್ತಾರೆ ಎಂದು ನೋಡಿ ಬರೆಯುವುದು. ಏಪ್ರಿಲ್ 23ಕ್ಕೆ ಮದ್ರಾಸು ಬಿಟ್ಟವನು 1801ರ ಜುಲೈವರೆಗೆ ಮೈಸೂರು, ಕೆನರಾ, ಮಲಬಾರ್ ಸುತ್ತಿದ.

ಈ ಬರಹ 1807ರಲ್ಲಿ ಲಂಡನ್ನಿನಲ್ಲಿ ಮೂರು ಕ್ವಾರ್ಟೊ (ಅಚ್ಚಿನ ಹಾಳೆಯನ್ನು ನಾಲ್ಕಾಗಿ ಮಡಿಸಿದ ದೊಡ್ಡ ಆಕಾರ) ಸಂಪುಟಗಳಾಗಿ, ನಕಾಶೆ ಮತ್ತು ಚಿತ್ರಗಳೊಂದಿಗೆ ಹೊರಬಂತು. ದಿನಚರಿಯನ್ನು ದಿನಚರಿಯಾಗಿಯೇ ಅಚ್ಚು ಹಾಕಿದ್ದರಿಂದ ಒಂದೇ ರಾಗಿ ಬೇಸಾಯ ಊರೂರಿಗೂ ಮರುಕಳಿಸುತ್ತದೆ. ಓದಲು ಬೇಸರವೇ, ಆದರೆ ಇತಿಹಾಸಕಾರರು ಇಂದಿಗೂ ಇದನ್ನು ಬಿಡದಿರುವುದು ಆ ಮರುಕಳಿಕೆಗಾಗಿಯೇ. ಬಣ್ಣದ ಹಕ್ಕಿ, ಹೂವುಗಳ ಚಿತ್ರ ಸಿಗುತ್ತದೆಂದು ಕೊಳ್ಳುವವರಿಗೆ ನಿರಾಶೆ ಖಚಿತ. ಇಲ್ಲಿ ನೇಗಿಲು, ಕುಂಟೆ, ಕೂರಿಗೆಗಳ ಚಿತ್ರಗಳಿವೆ.

ಆ ಕಾಲದಲ್ಲಿ ಪುಸ್ತಕ ಸಾಮಾನ್ಯವಾಗಿ ಬರೀ ಕಾಗದದ ರಟ್ಟಿನಲ್ಲಿ ಬರುತ್ತಿತ್ತು. ಚರ್ಮದ ಬೈಂಡಿಂಗ್ ಕೊಂಡವನ ಖರ್ಚು. ಹಾಗಾಗಿ ಪ್ರತಿಯಿಂದ ಪ್ರತಿಗೆ ಬೈಂಡಿಂಗ್ ಬೇರೆ, ಅದನ್ನು ನೋಡಿ ಅಸಲಿಯೋ ಅಲ್ಲವೋ ಎಂದು ಹೇಳಲಾಗದು. ಕಾಗದ ನೋಡಿ. ಹಾಳೆಯನ್ನು ಬೆಳಕಿಗೆ ಹಿಡಿದಾಗ ಕಾಣುವ ನೀರುಗುರುತಿನಲ್ಲಿ ಇಸವಿಯೂ ಇರಬಹುದು, ಏಕೆಂದರೆ 1794ರ ನಂತರ ರಫ್ತಾಗುವ ಕಾಗದದ ಸುಂಕ ವಾಪಸು ಪಡೆಯಲು ಬ್ರಿಟನ್ನಿನಲ್ಲಿ ಇಸವಿ ಬೇಕಿತ್ತು. 1807ಕ್ಕಿಂತ ಈಚಿನ ಇಸವಿ ಕಂಡರೆ ಆ ಹಾಳೆ ಆಮೇಲೆ ಸೇರಿದ್ದು. ತಾಮ್ರದ ತಗಡಿನಿಂದ ಒತ್ತಿದ ಚಿತ್ರದ ಸುತ್ತ ತಗ್ಗಿದ ಅಂಚು ಇರುತ್ತದೆ, ಭೂತಗನ್ನಡಿಯಲ್ಲಿ ಮಸಿಯ ಗೆರೆ ತುಸು ಉಬ್ಬಿ ಕಾಣುತ್ತದೆ. ಬೈಂಡಿಂಗ್‌ನಲ್ಲಿ ಅಂಚು ಕತ್ತರಿಸಿಹೋಗಿದ್ದರೆ ಈ ಗುರುತು ಸಿಗದಿರಬಹುದು.

ಗೊಂದಲ ಆಗುವುದು 1870ರ ಪ್ರತಿಯಿಂದ. ಮದ್ರಾಸಿನ ಪುಸ್ತಕ ಸಂಸ್ಥೆ ಹಿಗ್ಗಿನ್‌ಬಾಥಮ್ಸ್ ಈ ಪುಸ್ತಕವನ್ನು ಎರಡೇ ಸಂಪುಟದಲ್ಲಿ, ಚಿಕ್ಕ ಆಕಾರದಲ್ಲಿ ಮರುಮುದ್ರಿಸಿತು. ಅದೂ ಹಳೆಯದೇ, ಆದರೆ ಮೊದಲ ಮುದ್ರಣದ ಬೆಲೆ ಅದಕ್ಕಿಲ್ಲ. 1988ರಲ್ಲಿ ದೆಹಲಿಯಿಂದ ಬಂದ ಮರುಮುದ್ರಣ ಓದುಗರಿಗೆ ಸಾಕು.

ಕೊಳ್ಳುವಾಗ ಚಿತ್ರಗಳ ಪಟ್ಟಿ ಹಿಡಿದು ಒಂದೊಂದೇ ಎಣಿಸಿ. ಚಿತ್ರ, ನಕಾಶೆ ಕಿತ್ತು ಚೌಕಟ್ಟು ಹಾಕಿ ಮಾರುವ ದಂಧೆಯಿಂದ ಬಡವಾದ ಸಂಪುಟಗಳು ಮಾರುಕಟ್ಟೆಗೆ ಬರುತ್ತವೆ. ಇಂಥವಕ್ಕೆ ಹೊಸ ಚರ್ಮ ಹೊದಿಸಿದ್ದರೆ ಮೊದಲ ನೋಟಕ್ಕೆ ತಿಳಿಯುವುದಿಲ್ಲ. ಮಡಿಸಿದ ನಕಾಶೆ ಹರಿಯುವುದು ಹೊಲಿಗೆಗೆ ತಾಗುವ ಮಡಿಕೆಯಲ್ಲಿ, ಅಲ್ಲಿಂದಲೇ ನೋಡಲು ಶುರು ಮಾಡಿ. ಸೆಲ್ಲೋ ಟೇಪ್ ಅಂಟಿಸಿದ್ದರೆ ಅದರ ಅಂಟು ಕಂದಾಗಿ ಕಾಗದಕ್ಕೆ ಇಳಿದಿರುತ್ತದೆ, ಕಲೆ ಪೂರ್ತಿ ಹೋಗುವುದು ಕಷ್ಟ. ಸರಿಯಾದ ದುರಸ್ತಿ ಎಂದರೆ ತೆಳು ಜಪಾನಿ ಕಾಗದ ಮತ್ತು ಗೋಧಿ ಪಿಷ್ಟದ ಅಂಟು. ಚಿತ್ರದ ಎದುರು ಪುಟದಲ್ಲಿ ಮಂಕು ನೆರಳಿದ್ದರೆ ಅದು ಮಸಿಯ ಎಣ್ಣೆ ಇಳಿದದ್ದು; ಅದಕ್ಕೆ ಹೆದರಬೇಕಿಲ್ಲ. ಕಂದು ಚುಕ್ಕೆಗಳು ತೇವದಲ್ಲಿ ಹೆಚ್ಚುತ್ತವೆ, ಹಾಗಾಗಿ ಆರ್ದ್ರತೆ ಶೇ. 45ರಿಂದ 55ರೊಳಗಿರಲಿ. ಕರಾವಳಿಯ ಮಳೆಗಾಲದಲ್ಲಿ ಡಿಹ್ಯುಮಿಡಿಫೈಯರ್ ಇಲ್ಲದೆ ಇದು ಸಾಧ್ಯವಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ.

ಭಾರತದಲ್ಲಿರುವ ಪ್ರತಿಯನ್ನು ವಿದೇಶದ ಗಿರಾಕಿಗೆ ಮಾರುವ ಯೋಚನೆಯಿದ್ದರೆ ಮೊದಲು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ. ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳನ್ನು ಖಾಸಗಿಯವರು ರಫ್ತು ಮಾಡುವುದನ್ನು 1972ರ ಪುರಾವಸ್ತು ಕಾಯ್ದೆ ತಡೆಯುತ್ತದೆ.