ಹೊಟ್ಟೆಯಲ್ಲಿ ಹುಣ್ಣು, ಬೆನ್ನಲ್ಲಿ ನೋವು

ಎಂಡೋಸ್ಕೋಪಿಯಲ್ಲಿ ಅರ್ಧ ಸೆಂಟಿಮೀಟರಿನ ಹುಣ್ಣು ಕಂಡವರು ರಾತ್ರಿ ಒಂದೂವರೆಗೆ ನೋವಿಂದ ಎದ್ದು ಕೂರುತ್ತಾರೆ. ಎರಡು ಸೆಂಟಿಮೀಟರಿನ ಹುಣ್ಣಿರುವ ಅಜ್ಜನಿಗೆ ಒಳಗೆ ರಕ್ತ ಸೋರಿ ಮಲ ಡಾಂಬರಿನಂತೆ ಕಪ್ಪಾಗುವವರೆಗೂ ಏನೂ ಗೊತ್ತಾಗದಿರಬಹುದು. ಹುಣ್ಣಿನ ಅಳತೆಗೂ ನೋವಿಗೂ ತಾಳೆಯಾಗಲೇಬೇಕೆಂದಿಲ್ಲ.

ಒಳಪದರ ಕಿತ್ತುಹೋದ ಜಾಗದಲ್ಲಿ ಆಮ್ಲ ನೇರವಾಗಿ ನರತುದಿಗಳಿಗೆ ತಾಗುತ್ತದೆ. ಉರಿಯೂತದಲ್ಲಿ ಹೊರಬೀಳುವ ಪ್ರೊಸ್ಟಗ್ಲಾಂಡಿನ್, ಬ್ರಾಡಿಕೈನಿನ್ ಎಂಬ ರಾಸಾಯನಿಕಗಳು ಆ ತುದಿಗಳನ್ನು ಮತ್ತಷ್ಟು ಕೆರಳಿಸುತ್ತವೆ. ಊಟವಾದ ಮೇಲೆ ಜಠರ ಹಿಗ್ಗುವುದು ಮೊದಲು ಅರಿವಿಗೇ ಬರುತ್ತಿರಲಿಲ್ಲ, ಈಗ ಅದೇ ನೋವು. ಈ ನರಗಳು ಬೆನ್ನುಹುರಿಯನ್ನು ಸೇರುವುದು ಎದೆಮಟ್ಟದಲ್ಲಿ, ಸುಮಾರು 6ರಿಂದ 9ನೇ ಭಾಗದೊಳಗೆ. ಮೇಲುಹೊಟ್ಟೆ, ನಡುಬೆನ್ನಿನ ಚರ್ಮ ಮತ್ತು ಸ್ನಾಯುಗಳ ನರಗಳೂ ಅಲ್ಲಿಗೇ ಬರುತ್ತವೆ. ಎರಡೂ ಕಡೆಯ ಸುದ್ದಿಯನ್ನು ಮೇಲಕ್ಕೆ ಒಯ್ಯುವ ನರಕೋಶಗಳು ಬಹುಪಾಲು ಒಂದೇ ಆದ್ದರಿಂದ ಮೆದುಳಿಗೆ ಮೂಲ ಸರಿಯಾಗಿ ತಿಳಿಯುವುದಿಲ್ಲ. ವಾರಗಟ್ಟಲೆ ಹೀಗೇ ನಡೆದರೆ ಆ ನರಕೋಶಗಳೂ ಸೂಕ್ಷ್ಮವಾಗಿ, ಮೇಲುಹೊಟ್ಟೆಯನ್ನು ಬೆರಳಿಂದ ಮೆಲ್ಲಗೆ ಒತ್ತಿದರೂ ನೋಯುತ್ತದೆ.

ಎಡವಟ್ಟಾಗುವುದು ಇಲ್ಲೇ. ಬೆನ್ನುನೋವೆಂದು ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ನುಂಗುತ್ತಾರೆ. ಅದು ತಡೆಯುವುದು ಪ್ರೊಸ್ಟಗ್ಲಾಂಡಿನ್ ತಯಾರಿಯನ್ನು. ನೋವು ಇಳಿಯುತ್ತದೆ, ಆದರೆ ಜಠರದ ಲೋಳೆಯ ಕವಚವನ್ನು ಕಾಯುವುದೂ ಪ್ರೊಸ್ಟಗ್ಲಾಂಡಿನ್ನೇ ಆದ್ದರಿಂದ ಅದೂ ತೆಳುವಾಗುತ್ತದೆ. ಇಂಜೆಕ್ಷನ್ ತೆಗೆದುಕೊಂಡರೆ ಹೊಟ್ಟೆಗೆ ತೊಂದರೆಯಿಲ್ಲ ಎಂಬುದು ತಪ್ಪು. ಔಷಧ ರಕ್ತದ ಮೂಲಕವೂ ಅಲ್ಲಿಗೆ ತಲುಪುತ್ತದೆ. ಅಜ್ಜನಿಗೆ ನೋವು ತಿಳಿಯದಿದ್ದುದಕ್ಕೂ ಎಷ್ಟೋ ಸಲ ಮಂಡಿನೋವಿನ ಮಾತ್ರೆಯೇ ಕಾರಣ. ನೋವಿಗೆ ಏನಾದರೂ ಬೇಕೇಬೇಕೆಂದರೆ ಪ್ಯಾರಸಿಟಮಾಲ್ ವಾಸಿ, ಅದೂ ವೈದ್ಯರು ಹೇಳಿದ ಪ್ರಮಾಣದಲ್ಲಿ.

ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ ಮಾತ್ರೆಯನ್ನು ತಿಂಡಿಗೆ ಅರ್ಧ ಗಂಟೆ ಮೊದಲೇ ನುಂಗಬೇಕು. ಜಠರದ ಕೋಶಗಳಲ್ಲಿ ಆಮ್ಲ ಹೊರಹಾಕುವ ಪಂಪುಗಳು ಚಾಲೂ ಆಗುವುದು ಆಹಾರ ಬಂದಾಗ. ಔಷಧ ಅಷ್ಟರೊಳಗೆ ರಕ್ತದಲ್ಲಿರಬೇಕು. ಹುಣ್ಣಿಗೆ ಕಾರಣವಾಗುವ ಎಚ್. ಪೈಲೋರಿ ಬ್ಯಾಕ್ಟೀರಿಯಾಕ್ಕೆ ಉಸಿರು ಅಥವಾ ಮಲ ಪರೀಕ್ಷೆ ಮಾಡಿಸುವುದಾದರೆ, ವೈದ್ಯರನ್ನು ಕೇಳಿ ಈ ಮಾತ್ರೆಯನ್ನು 2 ವಾರ ಮೊದಲೇ ನಿಲ್ಲಿಸಬೇಕು. ಆ್ಯಂಟಿಬಯಾಟಿಕ್ ಮುಗಿದು 4 ವಾರವಾಗಿರಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದೂ ಇಲ್ಲವೆಂದು ವರದಿ ಬರಬಹುದು. ಈ ಬ್ಯಾಕ್ಟೀರಿಯಾದ ಚಿಕಿತ್ಸೆ ಸಾಮಾನ್ಯವಾಗಿ 14 ದಿನ. ನಾಲ್ಕನೇ ದಿನ ನೋವು ಹೋಯಿತೆಂದು ಬಿಡಬಾರದು.

ಹುಣ್ಣು ಮಾಯ್ದ ಮೇಲೂ ಕೆಲವರಲ್ಲಿ ನರಗಳ ಸೂಕ್ಷ್ಮತೆ ಉಳಿಯುತ್ತದೆ. ಎಂಡೋಸ್ಕೋಪಿ ಸ್ವಚ್ಛವಿದ್ದರೂ ನೋವು ಇರುತ್ತದೆ. ಇದನ್ನು ‘ಮನಸ್ಸಿನ ಕಾಯಿಲೆ’ ಎಂದು ತಳ್ಳಿಹಾಕುವುದು ಅನ್ಯಾಯ. ಗ್ಯಾಸ್ಟ್ರಿಕ್ ಮಾತ್ರೆ ಹೆಚ್ಚಿಸುತ್ತಾ ಹೋಗುವ ಬದಲು, ನರಗಳ ಸೂಕ್ಷ್ಮತೆ ತಗ್ಗಿಸುವ ಅಮಿಟ್ರಿಪ್ಟಿಲಿನ್ ಮಾತ್ರೆ ರಾತ್ರಿ ಅಲ್ಪ ಪ್ರಮಾಣದಲ್ಲಿ ಕೆಲವರಿಗೆ ಹಿಡಿಸುತ್ತದೆ. ಇದು ವೈದ್ಯರೇ ನಿರ್ಧರಿಸಬೇಕಾದದ್ದು.

ಚಾಕು ಹಾಕಿದಂತೆ ಥಟ್ಟನೆ ನೋವು ಎದ್ದು, ಹೊಟ್ಟೆ ಹಲಗೆಯಂತೆ ಬಿಗಿದು, ಭುಜದ ತುದಿಯೂ ನೋಯತೊಡಗಿದರೆ ಹುಣ್ಣು ತೂತಾಗಿರಬಹುದು. ಸೋರಿದ ಆಮ್ಲ ವಪೆಯನ್ನು, ಅಂದರೆ ಎದೆ-ಹೊಟ್ಟೆಗಳ ನಡುವಿನ ಸ್ನಾಯುಪರದೆಯನ್ನು, ಕೆರಳಿಸುತ್ತದೆ. ಅದರ ನರ ಹುಟ್ಟುವುದು ಕುತ್ತಿಗೆಯಲ್ಲಿ, ಭುಜದ ನರಗಳೂ ಅಲ್ಲಿಗೇ ಬರುತ್ತವೆ, ಅದಕ್ಕೇ ಭುಜದ ನೋವು. ನೀರು, ಮಾತ್ರೆ ಏನನ್ನೂ ಕೊಡದೆ ಆಸ್ಪತ್ರೆಗೆ ಕರೆದೊಯ್ಯಿರಿ.